ಆಸ್ಪತ್ರೆ ದಿನದ ಮಾಸ್ತರು

ಟೈಲರ್ ಮಾಸ್ತರ ಹೆಂಡತಿಯನ್ನು ಬೀದಿಯವರೆಲ್ಲ ಕರೆಯುತ್ತಿದ್ದುದು ಕಾಜಮ್ಮ ಎಂದು. ಗಂಡ ಹೊಲಿದ ಅಂಗಿಗೆ ಗುಂಡಿ ತೂರುವ ಕಾಜ ಹಾಕುವುದು ಮೂವತ್ತೆಂಟು ವರ್ಷದಿಂದ ಅವಳ ಕೆಲಸ. ಅಂಗಿ ಹರಿದರೂ ಕಾಜಮ್ಮನ ಕಾಜ ಹರಿಯುವುದಿಲ್ಲ ಎಂಬ ಮಾತಿತ್ತು. ಅವಳ ನಾಲಿಗೆಯ ಬಗ್ಗೆಯೂ ಅದೇ ಮಾತಿತ್ತು.

ಮಾಸ್ತರಿಗೆ ನಡುಕದ ಕಾಯಿಲೆ ಹಿಡಿದು ಆರು ವರ್ಷ. ಮೊದಲು ಬಲಗೈ ಹೆಬ್ಬೆರಳು, ಇಲ್ಲದ ದಾರವನ್ನು ಹೊಸೆಯುವ ಹಾಗೆ ಸುಮ್ಮನೆ ಆಡತೊಡಗಿತು. ಆಮೇಲೆ ಹೆಜ್ಜೆ ಗಿಡ್ಡವಾಯಿತು, ದನಿ ಇಳಿಯಿತು, ಅಳತೆ ಪುಸ್ತಕದಲ್ಲಿ ಅವರು ಬರೆಯುವ ಅಂಕಿ ಇರುವೆಗಾತ್ರಕ್ಕೆ ಬಂತು. ಆಸ್ಪತ್ರೆಯಲ್ಲಿ ನರರೋಗ ನೋಡುವ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಆದರೆ ಹೇಳುವುದನ್ನು ಬಿಡಿಸಿ ಹೇಳುವವಳು. ಮೆದುಳಿನಲ್ಲಿ ಕೈಕಾಲಿಗೆ ಅಪ್ಪಣೆ ಮುಟ್ಟಿಸುವ ರಸ ಬತ್ತುತ್ತಿದೆ, ಮಾತ್ರೆ ಅದನ್ನು ತುಂಬಿಕೊಡುತ್ತದೆ, ಆದರೆ ಕೆಲವು ಗಂಟೆ ಮಾತ್ರ ಎಂದಿದ್ದಳು. ಕಾಜಮ್ಮ ಅದನ್ನು ತನ್ನ ಭಾಷೆಗೆ ತಿರುಗಿಸಿಕೊಂಡಿದ್ದಳು. ಮಾತ್ರೆ ಸರಿಯಾಗಿ ಹತ್ತಿದಾಗ ಮಾಸ್ತರು ಮಾಸ್ತರೇ. ಇಳಿದಾಗ ಮರ. ಹೆಚ್ಚಾದರೆ ಗಾಳಿಗೆ ಸಿಕ್ಕ ಬಳ್ಳಿ, ಕುಳಿತಲ್ಲೇ ಭುಜ ತೂಗುತ್ತದೆ, ತಲೆ ಆಡುತ್ತದೆ, ಕಾಲು ನೆಲದ ಮೇಲೆ ನಿಲ್ಲುವುದಿಲ್ಲ.

ಹೋದ ವರ್ಷ ಅಂಥದೊಂದು ಬಳ್ಳಿಯ ಹೊತ್ತಿನಲ್ಲಿ ಮಾಸ್ತರು ಕೋಟಿನ ಬಟ್ಟೆಗೆ ಕತ್ತರಿ ಹಾಕಿದ್ದರು. ಕತ್ತರಿ ಬಟ್ಟೆ ದಾಟಿ ಎಡ ಅಂಗೈಗೆ ಹೋಯಿತು. ನಾಲ್ಕು ಹೊಲಿಗೆ ಬಿತ್ತು. 'ಜೀವಮಾನವೆಲ್ಲ ಹೊಲಿದವನನ್ನು ಕೊನೆಗೆ ಯಾರೋ ಹೊಲಿದರಲ್ಲ' ಎಂದು ಮಾಸ್ತರು ನಕ್ಕರು. ಮಗ ನಗಲಿಲ್ಲ. ಅವನು ಮನೆಮನೆಗೆ ಹೋಗಿ ನೀರಿನ ಮೀಟರು ಓದುವ ಕೆಲಸದವನು, ಮುಳ್ಳು ಎಲ್ಲಿ ನಿಂತಿದೆಯೋ ಅದನ್ನೇ ನಂಬುವವನು. ಹನ್ನೆರಡು ಇಂಚಿನ ಆ ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ತನ್ನ ಗೊಂಚಲಿಗೆ ಸೇರಿಸಿಕೊಂಡ. ಡಾಕ್ಟರಮ್ಮ ಬಾಯಿಬಿಟ್ಟು 'ಕೊಡಬಹುದು' ಎಂದ ದಿನ ಕೊಡುತ್ತೇನೆ, ಅಲ್ಲಿಯವರೆಗೆ ಯಾರೂ ಕೇಳಬೇಡಿ ಎಂದ.

ಮಾಸ್ತರು ಕೇಳಲೂ ಇಲ್ಲ. ಬೆಳಿಗ್ಗೆ ಅಂಗಡಿಗೆ ಬಂದು ಕತ್ತರಿಸುವ ಮೇಜಿನ ಮುಂದೆ ಕುಳಿತರೆ ಸಂಜೆಯವರೆಗೆ ಹೆಬ್ಬೆರಳು ಹೊಸೆಯುತ್ತ ಕುಳಿತೇ ಇರುತ್ತಿದ್ದರು. ಪ್ಯಾಂಟು, ಪೈಜಾಮಗಳನ್ನು ಕಾಜಮ್ಮನೇ ಸಣ್ಣ ಕತ್ತರಿಯಲ್ಲಿ ಹೇಗೋ ಕತ್ತರಿಸಿ ಹೊಲಿಯುತ್ತಿದ್ದಳು. ಅಂಗಿ, ಕೋಟು ಪಕ್ಕದ ಬೀದಿಯ ಟೈಲರ ಹತ್ತಿರ ಕತ್ತರಿಸಿಕೊಂಡು ಬರುತ್ತಿದ್ದವು. ಅವನು ಕತ್ತರಿಸಿದ ತೋಳನ್ನು ಕಂಡಾಗ ಮಾಸ್ತರು ಹಳಸಿದ್ದರ ವಾಸನೆ ಬಡಿದವರಂತೆ ಮುಖ ತಿರುಗಿಸುತ್ತಿದ್ದರು. ಮಾತು ಕಡಿಮೆಯಾಯಿತು, ಊಟವೂ ಕಡಿಮೆಯಾಯಿತು. ಕಾಯಿಲೆಗಿಂತ ಆ ಬೀಗವೇ ಇವರನ್ನು ತಿನ್ನುತ್ತಿದೆ ಎಂದು ಕಾಜಮ್ಮನಿಗೆ ಅರ್ಥವಾಗಲು ಬಹಳ ದಿನ ಬೇಕಾಗಲಿಲ್ಲ.

ಅವಳು ತಲೆ ಓಡಿಸಿದಳು. ಡಾಕ್ಟರಮ್ಮ ಗಂಡನನ್ನು ನೋಡುವುದು ಆರು ವಾರಕ್ಕೊಮ್ಮೆ, ಅದೂ ಹತ್ತು ನಿಮಿಷ. ಮಿಕ್ಕ ದಿನವೆಲ್ಲ ಹೇಗಿದ್ದರೇನು, ಆ ಹತ್ತು ನಿಮಿಷ ಚೆನ್ನಾಗಿದ್ದರೆ 'ಕೊಡಬಹುದು' ಎಂಬ ಮಾತು ಬಂದೇ ಬರುತ್ತದೆ. ಸಾಹೇಬರು ಬರುವ ದಿನ ಗೋಡೆಗೆ ಸುಣ್ಣ ಬಳಿಯುವುದು ಲೋಕದಲ್ಲಿ ಇಲ್ಲದ್ದೇನಲ್ಲ. ಹಾಗೆ ಆಸ್ಪತ್ರೆ ದಿನ ಬೆಳಿಗ್ಗೆ ಮಾಸ್ತರಿಗೆ ಸ್ನಾನ, ನುಣ್ಣನೆ ಗಡ್ಡ, ಅವರೇ ಹಿಂದೆ ಹೊಲಿದುಕೊಂಡ ಬೂದು ಕೋಟು, ಒಂದು ದೊಡ್ಡ ಲೋಟ ಗಟ್ಟಿ ಹಾಲು, ಮತ್ತು ದಿನದ ಮಾತ್ರೆಯ ಜೊತೆ ಒಂದು ಹೆಚ್ಚಿನ ಮಾತ್ರೆ. ಆ ಹೆಚ್ಚಿನದನ್ನು ಹಿಂದಿನ ವಾರದಲ್ಲಿ ಒಂದೊಂದು ಹೊತ್ತು ತಪ್ಪಿಸಿ, ಗುಂಡಿ ಡಬ್ಬದಲ್ಲಿ ಉಳಿಸಿಟ್ಟಿರುತ್ತಿದ್ದಳು.

ಹೆಚ್ಚಿನ ಮಾತ್ರೆ ಹೆಚ್ಚಿನ ಕೆಲಸವನ್ನೇ ಮಾಡಿತು. ಡಾಕ್ಟರಮ್ಮನ ಮುಂದೆ ಮಾಸ್ತರು ನಡೆದರು ನಿಜ, ಆದರೆ ಭುಜ ಒಂದು ಕಡೆ ನಡೆದರೆ ಸೊಂಟ ಇನ್ನೊಂದು ಕಡೆ. ಇದು ಮಾತ್ರೆ ಜಾಸ್ತಿಯಾಗಿ ಆಗುವ ಕುಣಿತ ಎಂದು ಡಾಕ್ಟರಮ್ಮ ಪ್ರಮಾಣ ಇಳಿಸಿದಳು. ಇಳಿಸಿದ ಮೇಲೆ ಮಾಸ್ತರು ಮನೆಯಲ್ಲಿ ಮರವಾದರು. ಮರವನ್ನು ಕರೆದುಕೊಂಡು ಹೋದರೆ ಕತ್ತರಿ ಎಲ್ಲಿಂದ ಬರಬೇಕು? ಮುಂದಿನ ಸಲ ಕಾಜಮ್ಮ ಎರಡು ಮಾತ್ರೆ ಹೆಚ್ಚಿಗೆ ನುಂಗಿಸಿದಳು. ಕುಣಿತ ಇನ್ನೂ ಜೋರಾಯಿತು. ಡಾಕ್ಟರಮ್ಮ ಇನ್ನೂ ಇಳಿಸಿದಳು. ಹೀಗೆ ಎಂಟು ತಿಂಗಳು, ಇವಳು ಏರಿಸುವುದು, ಅವಳು ಇಳಿಸುವುದು. ಮಾಸ್ತರು ಆಸ್ಪತ್ರೆಯಲ್ಲಿ ಬಳ್ಳಿ, ಮನೆಯಲ್ಲಿ ಮರ, ಮಾಸ್ತರಾಗಿ ಇರಲು ಮಾತ್ರ ಪುರುಸೊತ್ತಿಲ್ಲ.

ಇದರ ಮೇಲೆ ಆಸ್ಪತ್ರೆ ದಿನದ ಸಂಜೆ ಮನೆಗೆ ಗಿರಾಕಿಗಳು ಬರಲು ಶುರುವಾಯಿತು. ಮಾಸ್ತರಿಗೆ ಮಾತ್ರ ಕಾಣುವ ಗಿರಾಕಿಗಳು. ಇಬ್ಬರು ಗಂಡಸರು, ಟೋಪಿ ಹಾಕಿದ ಒಬ್ಬ ಮುದುಕ, ಗೋಡೆಯ ಪಕ್ಕ ಸಾಲಾಗಿ ನಿಲ್ಲುತ್ತಿದ್ದರಂತೆ. ತೊಂದರೆಯವರಲ್ಲ. 'ಆಗಿನಿಂದ ನಿಂತೇ ಇದ್ದಾರೆ, ಕುರ್ಚಿ ಹಾಕಬಾರದಾ' ಎಂದು ಮಾಸ್ತರು ಹೆಂಡತಿಯನ್ನು ಗದರುವರು. ಟೇಪು ಹಿಡಿದು ಗಾಳಿಯ ಅಳತೆ ತೆಗೆದು 'ಎದೆ ನಲವತ್ತೆರಡು, ತೋಳು ಇಪ್ಪತ್ತನಾಲ್ಕೂವರೆ' ಎನ್ನುವರು. ಮೊದಲ ದಿನ ಕಾಜಮ್ಮ ದೀಪ ಹಾಕಿ ಗೋಡೆಯುದ್ದಕ್ಕೂ ಕೈಯಾಡಿಸಿ ನೋಡಿದಳು. ಎರಡನೆಯ ಸಲ ಅಳತೆ ಪುಸ್ತಕ ತೆಗೆದು ಬರೆದುಕೊಂಡಳು. ಬರೆದುಕೊಂಡರೆ ಆ ಗಿರಾಕಿಗಳು ಸಮಾಧಾನವಾಗಿ ಹೊರಟುಹೋಗುತ್ತಾರೆ ಎಂಬುದು ಅವಳು ಕಂಡುಕೊಂಡ ಉಪಾಯ.

ಮಗನಿಗೆ ಇದು ಸರಿಬೀಳಲಿಲ್ಲ. ಅವನು ಡಾಕ್ಟರಮ್ಮನಿಗೆ ಹೇಳಿದ, ಅವಳು ಎದುರು ಕೋಣೆಯ ಮನಸ್ಸಿನ ಡಾಕ್ಟರ ಬಳಿ ಕಳಿಸಿದಳು. ಅವರು ನಿವೃತ್ತಿಗೆ ಹತ್ತಿರವಾದ ಮೆದು ಮಾತಿನ ಮನುಷ್ಯ. ಒಂದು ಸಣ್ಣ ಬಿಳಿ ಮಾತ್ರೆ ಕೊಟ್ಟರು. ಗಿರಾಕಿಗಳು ಬರುವುದು ನಿಂತಿತು, ಆದರೆ ಮೈ ಮತ್ತಷ್ಟು ಬಿಗಿದುಕೊಂಡಿತು. ಕೈ ಹಿಡಿದರೆ ತಲೆ ಜಾರುತ್ತದೆ, ತಲೆ ಹಿಡಿದರೆ ಕೈ ಜಾರುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವುದು ಇದಕ್ಕೇ.

ಮನೆಯಲ್ಲಿ ಅಪ್ಪ ಮರಗಟ್ಟಿ ಕೂತಿರುತ್ತಾರೆ ಎಂದು ಮಗ ಹೇಳಿದಾಗ ಡಾಕ್ಟರಮ್ಮ ಒಂದು ಪುಸ್ತಕ ಕೊಟ್ಟಿದ್ದಳು. ಗಂಟೆ ಗಂಟೆಗೂ ಮಾಸ್ತರು ಹೇಗಿದ್ದಾರೆ ಎಂದು ಬರೆಯಬೇಕು. ಆ ಕೆಲಸ ಕಾಜಮ್ಮನ ಪಾಲಿಗೆ ಬಂತು. ಪುಸ್ತಕವೆಂದ ಮೇಲೆ ಪರೀಕ್ಷೆ, ಪರೀಕ್ಷೆಯೆಂದ ಮೇಲೆ ಪಾಸಾಗಬೇಕು. ಅವಳು ಆಸ್ಪತ್ರೆಗೆ ಹೋಗುವ ಹಿಂದಿನ ದಿನ ಕುಳಿತು, ಒಂದೇ ಪೆನ್ನಿನಲ್ಲಿ, ಆರು ವಾರದ ಎಲ್ಲ ಚೌಕದ ಮನೆಗಳಲ್ಲೂ 'ಚೆನ್ನಾಗಿದ್ದಾರೆ' ಎಂದು ತುಂಬಿಸಿದಳು. ಬೇಸರ ಬಂದಲ್ಲಿ 'ಬಹಳ ಚೆನ್ನಾಗಿದ್ದಾರೆ' ಎಂದೂ ಬರೆದಳು.

ಡಾಕ್ಟರಮ್ಮ ಆ ಪುಸ್ತಕವನ್ನು ಬಹಳ ಹೊತ್ತು ನೋಡಿದಳು. ಮಗ ಒಂದು ಹೇಳುತ್ತಾರೆ, ಪುಸ್ತಕ ಒಂದು ಹೇಳುತ್ತದೆ, ನನ್ನ ಕಣ್ಣಿಗೆ ಕಾಣುವುದೇ ಇನ್ನೊಂದು, ನನಗೆ ಕೈ ಓಡುತ್ತಿಲ್ಲ ಎಂದಳು. ಕತ್ತರಿಯ ಮಾತು ಕೇಳಿದ್ದಕ್ಕೆ ಈಗಂತೂ ಸಾಧ್ಯವಿಲ್ಲ ಎಂದು ತಲೆಯಾಡಿಸಿದಳು. ದೊಡ್ಡ ಆಸ್ಪತ್ರೆಗೆ ಕಾಗದ ಬರೆದುಕೊಡುತ್ತೇನೆ, ಅಲ್ಲಿ ತಲೆಬುರುಡೆಗೆ ಸಣ್ಣ ತೂತು ಮಾಡಿ ಮೆದುಳಿಗೆ ತಂತಿ ಇಳಿಸುವ ಚಿಕಿತ್ಸೆ ಇದೆ, ಎಷ್ಟೋ ಜನಕ್ಕೆ ಒಳ್ಳೆಯದಾಗಿದೆ, ಇವರಿಗೆ ಒಗ್ಗುತ್ತದೆಯೋ ಅವರು ನೋಡಲಿ ಎಂದಳು. ಕಾಜಮ್ಮನಿಗೆ 'ತೂತು' ಎಂಬುದರ ಆಚೆಗೆ ಏನೂ ಕೇಳಿಸಲಿಲ್ಲ.

ಅದೇ ಸಂಜೆ ಬೇಕರಿಯವನು ಅಂಗಡಿಗೆ ನುಗ್ಗಿದ. ಎದುರು ಸಾಲಿನವನು, ಮೈ ಅವನ ಬ್ರೆಡ್ಡಿನ ಹಾಗೆ ಉಬ್ಬಿದ್ದು. ಮೊನ್ನೆ ಕಾಜಮ್ಮ ಹೊಲಿದುಕೊಟ್ಟ ಪ್ಯಾಂಟನ್ನು ಮೇಜಿನ ಮೇಲೆ ಎಸೆದು, ಇದರಲ್ಲಿ ಉಸಿರಾಡಬೇಕಾದರೆ ಮೊದಲು ಬಿಚ್ಚಬೇಕು, ಇದೇನು ಪ್ಯಾಂಟೋ ದಿಂಬಿನ ಚೀಲವೋ ಎಂದ. ಕಾಜಮ್ಮನ ತಲೆ ಮೊದಲೇ ಕಾದಿತ್ತು.

"ಅಳತೆ ಕೊಡುವಾಗ ಹೊಟ್ಟೆ ಒಳಗೆ ಎಳ್ಕೊಂಡು ನಿಂತಿದ್ದೆಯಲ್ಲಪ್ಪ, ಫೋಟೋಗೆ ನಿಂತ ಹಾಗೆ. ನಾನು ಎಳ್ಕೊಂಡ ಹೊಟ್ಟೆಗೆ ಹೊಲಿದಿದ್ದೀನಿ. ಈಗ ನಿಜವಾದ ಹೊಟ್ಟೆ ತಂದು ತುರುಕಿದರೆ ಪ್ಯಾಂಟು ಏನು ಮಾಡುತ್ತೆ? ಟೈಲರ ಮುಂದೆ ಯಾರಾದರೂ ಅಂದ ತೋರಿಸ್ತಾರಾ? ಇರೋ ಹಾಗೆ ನಿಲ್ಲಬೇಕು. ಸುಳ್ಳು ಅಳತೆ ಕೊಟ್ಟು ಆಮೇಲೆ ಟೈಲರಿಗೆ ಕೆಲಸ ಬರಲ್ಲ ಅಂತ..."

ಅಲ್ಲಿಗೆ ಮಾತು ನಿಂತಿತು. ಕಾಜಮ್ಮನ ಮಾತು ಅರ್ಧಕ್ಕೆ ನಿಂತದ್ದನ್ನು ಆ ಬೀದಿಯಲ್ಲಿ ಯಾರೂ ಕಂಡಿರಲಿಲ್ಲ. ಬೇಕರಿಯವನಿಗೇ ಗಾಬರಿಯಾಗಿ, ಪರವಾಗಿಲ್ಲ ಬಿಡಕ್ಕ, ಸೊಂಟದಲ್ಲಿ ಎರಡಿಂಚು ಬಿಟ್ಟರೆ ಸಾಕು ಎಂದು ಹೊರಟುಹೋದ. ಅವಳು ಆ ಪ್ಯಾಂಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೇ ಇದ್ದಳು. ಎಂಟು ತಿಂಗಳು ಗಂಡನ ಹೊಟ್ಟೆಯನ್ನು ಒಳಗೆ ಎಳೆದು ಡಾಕ್ಟರ ಮುಂದೆ ನಿಲ್ಲಿಸಿದವಳು ಯಾರು? ಎಳೆದ ಹೊಟ್ಟೆಗೆ ಔಷಧಿ ಹೊಲಿಸಿಕೊಂಡು ಬಂದು, ಬಿಗಿಯಾಯಿತು ಎಂದು ಹಲುಬಿದವಳು ಯಾರು?

ಮೇಜಿನ ಮುಂದೆ ಕುಳಿತಿದ್ದ ಮಾಸ್ತರ ಬಳಿ ಹೋಗಿ ಎಲ್ಲ ಹೇಳಿಬಿಟ್ಟಳು. ಮಾಸ್ತರು ನಿಧಾನಕ್ಕೆ ಕತ್ತೆತ್ತಿದರು. ದನಿ ಬಾವಿಯ ತಳದಿಂದ ಬಂದಂತಿತ್ತು.

"ಗೊತ್ತಿತ್ತು ಕಣೇ. ಬಾಯಿಗೆ ಒಂದು ಬಿತ್ತೋ ಮೂರು ಬಿತ್ತೋ ನನಗೆ ತಿಳಿಯಲ್ವಾ?"

"ಮತ್ತೆ ಯಾಕ್ರೀ ಸುಮ್ಮನಿದ್ರಿ?"

"ಕತ್ತರಿ ಬೇಕಿತ್ತು."

ಮರುದಿನ ಬೆಳಿಗ್ಗೆ ಅವಳು ಗುಂಡಿ ಡಬ್ಬ ಹಿಡಿದು ಒಬ್ಬಳೇ ಆಸ್ಪತ್ರೆಗೆ ಹೋದಳು. ಬಾಗಿಲಲ್ಲಿ ಚೀಟಿ ಕೂಗುವ ಹೆಂಗಸಿದ್ದಳು, ಎಲ್ಲರೂ ಚೀಟಿ ಅಕ್ಕ ಎನ್ನುತ್ತಿದ್ದರು. ಅವಳ ಕೈ ದಾಟಿ ಒಳಗೆ ಹೋದ ರೋಗಿಯಿಲ್ಲ, ನೊಣವೂ ಇಲ್ಲ. ಇವತ್ತು ನಿಮ್ಮ ದಿನವಲ್ಲ, ಚೀಟಿ ಇಲ್ಲದೆ ಬಿಡುವುದಿಲ್ಲ ಎಂದಳು.

"ತಪ್ಪು ಒಪ್ಪಿಕೊಳ್ಳೋಕೂ ಚೀಟಿ ಬೇಕೇನೇ ತಾಯಿ?"

ಚೀಟಿ ಅಕ್ಕ ಅವಳ ಮುಖ ನೋಡಿದಳು, ಡಬ್ಬ ನೋಡಿದಳು, ಮೂರನೆಯ ಚೀಟಿಯವನನ್ನು ನಾಲ್ಕನೆಯವನನ್ನಾಗಿ ಮಾಡಿದಳು.

ಡಾಕ್ಟರಮ್ಮ ಡಬ್ಬ ತೆರೆದರೆ ಅಂಗಿ ಗುಂಡಿ, ಕೋಟು ಗುಂಡಿ, ಅವುಗಳ ನಡುವೆ ಹನ್ನೊಂದು ಮಾತ್ರೆ. ಕಾಜಮ್ಮ ಹೇಳುತ್ತ ಹೋದಳು, ಡಾಕ್ಟರಮ್ಮ ಗುಂಡಿ ಬೇರೆ ಮಾತ್ರೆ ಬೇರೆ ಮಾಡುತ್ತ ಕೇಳಿದಳು. ಕೊನೆಗೆ ಹಣೆ ಉಜ್ಜಿಕೊಂಡಳು.

"ಎಂಟು ತಿಂಗಳು ನಾನು ಮಾಸ್ತರಿಗೆ ಔಷಧಿ ಕೊಟ್ಟಿಲ್ಲಮ್ಮ. ನಿಮ್ಮ ಜಾಣತನಕ್ಕೆ ಕೊಟ್ಟಿದ್ದೀನಿ."

ಕಾಜಮ್ಮ ತಲೆ ತಗ್ಗಿಸಿದಳು. ಡಾಕ್ಟರಮ್ಮ ತಾನೇ ಹೇಳಿದಳು, ಒಂದೇ ಪೆನ್ನಿನ ಪುಸ್ತಕ ಕಂಡಾಗಲೇ ನಾನು ಕೇಳಬೇಕಿತ್ತು, ಹೊರಗೆ ನಲವತ್ತು ಜನ ಕಾದಿದ್ದರು, ಕೇಳಲಿಲ್ಲ, ನನ್ನದೂ ಇದೆ. ಆಮೇಲೆ ಒಂದೊಂದಾಗಿ ವಿಚಾರಿಸಿದಳು. ಎಷ್ಟು ಗಂಟೆಗೆ ಕೊಡುತ್ತೀರಿ, ಯಾವುದರ ಜೊತೆ ಕೊಡುತ್ತೀರಿ. ಹಾಲಿನ ಜೊತೆ ಎಂದು ಕಾಜಮ್ಮ ಹೆಮ್ಮೆಯಿಂದಲೇ ಹೇಳಿದಳು, ಗಟ್ಟಿ ಹಾಲು, ದೊಡ್ಡ ಲೋಟ, ಶಕ್ತಿಗೆ. ಡಾಕ್ಟರಮ್ಮ ಮತ್ತೆ ಹಣೆ ಉಜ್ಜಿಕೊಂಡಳು. ಈ ಮಾತ್ರೆಯೂ ಹಾಲಿನ ಸತ್ವವೂ ಒಳಗೆ ಹೋಗಬೇಕಾದದ್ದು ಒಂದೇ ಬಾಗಿಲಿಂದ, ಹಾಲು ಮುಂದೆ ನುಗ್ಗಿದರೆ ಮಾತ್ರೆ ಹೊರಗೆ ಸಾಲಿನಲ್ಲಿ ನಿಲ್ಲುತ್ತದೆ, ಇನ್ನು ಮುಂದೆ ಬರಿ ನೀರು, ಊಟಕ್ಕೆ ಅರ್ಧ ಗಂಟೆ ಮೊದಲು ಎಂದಳು. ಹಾಗಾದರೆ ಮಾತ್ರೆಗೂ ಒಬ್ಬ ಚೀಟಿ ಅಕ್ಕ ಬೇಕು ಎಂದು ಕಾಜಮ್ಮ ಅಂದಾಗ ಡಾಕ್ಟರಮ್ಮನ ಮುಖದಲ್ಲಿ ಮೊದಲ ಸಲ ನಗು ಬಂತು.

ಎದುರು ಕೋಣೆಯ ಮನಸ್ಸಿನ ಡಾಕ್ಟರನ್ನೂ ಕರೆಸಿದಳು. ಹೆಚ್ಚಿನ ಮಾತ್ರೆಯೇ ಆ ಗಿರಾಕಿಗಳನ್ನು ಕರೆತರುತ್ತಿದ್ದಿರಬೇಕು ಎಂದು ಇಬ್ಬರಿಗೂ ಅನ್ನಿಸಿತು. ಮೊದಲು ಹೆಚ್ಚಿನದನ್ನು ನಿಲ್ಲಿಸೋಣ, ಬಿಳಿ ಮಾತ್ರೆಯನ್ನು ನಾನು ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತೇನೆ, ಹೀಗೆ ಮಾಡಲು ಇಷ್ಟು ದಿನ ನನಗೆ ಧೈರ್ಯವಿರಲಿಲ್ಲ ಎಂದರು ಮನಸ್ಸಿನ ಡಾಕ್ಟರು. ಮೂರು ವಾರ ಬರೆದುಕೊಟ್ಟ ಹಾಗೆಯೇ ಕೊಟ್ಟು ಬನ್ನಿ ಎಂದು ಡಾಕ್ಟರಮ್ಮ ಕಳಿಸಿದಳು. ಆಮೇಲೆ ಒಂದು ಸೋಮವಾರ ಬೆಳಿಗ್ಗೆಯ ಮಾತ್ರೆ ಕೊಡದೆ, ಗಡ್ಡ ಹೆರೆಯದೆ, ಎದ್ದ ಹಾಗೇ ಕರೆತರಬೇಕು. ಮಗನೂ ಬರಬೇಕು. ಮಾಸ್ತರ ಕೈಗೆ ಗೊತ್ತಿರುವ ಸಾಮಾನನ್ನೂ ತರಬೇಕು.

ಹಾಗೆ ಆ ಸೋಮವಾರ ಮಗ ಬೀರು ತೆಗೆಯಬೇಕಾಯಿತು. ಕತ್ತರಿಯ ಗಂಟನ್ನು ಚೀಲಕ್ಕಿಟ್ಟು, ಚೀಲವನ್ನು ಎದೆಗವಚಿಕೊಂಡು ಬಂದ, ಒಳಗೆ ಹಾವಿದೆಯೇನೋ ಎಂಬಂತೆ.

ಗಾಲಿ ಕುರ್ಚಿಯಲ್ಲಿ ಗಂಡನನ್ನು ತಳ್ಳಿಕೊಂಡು ಆಸ್ಪತ್ರೆಯ ಉದ್ದದ ಓಣಿ ದಾಟುವುದು ಕಾಜಮ್ಮನಿಗೆ ಅಷ್ಟು ದಿನದಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸವಾಗಿತ್ತು. ಮೂರು ದಿನದ ಬಿಳಿ ಗಡ್ಡ. ಅರ್ಧ ತೆರೆದ ಬಾಯಿ, ತುಟಿಯ ಅಂಚಿನಲ್ಲಿ ಜೊಲ್ಲು. ಅಂಗಿಯ ಗುಂಡಿ ಒಂದರದ್ದು ಇನ್ನೊಂದಕ್ಕೆ, ಏಕೆಂದರೆ ಅದನ್ನು ಅವರೇ ಹಾಕಿಕೊಂಡಿದ್ದರು, ಡಾಕ್ಟರಮ್ಮ ಮುಟ್ಟಬೇಡಿ ಎಂದಿದ್ದಳು. ತಾನು ಹಾಕಿದ ಕಾಜದಲ್ಲಿ ತಪ್ಪು ಗುಂಡಿ ಕಂಡು ಅವಳ ಬೆರಳು ತುಡಿಯುತ್ತಿತ್ತು. ಎರಡು ಸಲ ಕರವಸ್ತ್ರ ತೆಗೆದಳು, ಎರಡು ಸಲವೂ ಒಳಗಿಟ್ಟಳು.

ಕೋಣೆಯಲ್ಲಿ ಒಂದು ಮೇಜು, ಕಿಟಕಿ, ಗೋಡೆ ಗಡಿಯಾರ. ಡಾಕ್ಟರಮ್ಮ ಮಾಸ್ತರ ಕೈ ಮಡಿಸಿ ನೋಡಿದಳು, ಬೆರಳು ತಟ್ಟಿಸಿದಳು, ಎಬ್ಬಿಸಿ ನಿಲ್ಲಿಸಲು ನೋಡಿದಳು. ಮಾಸ್ತರು ಏಳಲಿಲ್ಲ. ನಾನು ಇವರನ್ನು ಇವತ್ತೇ ಮೊದಲು ನೋಡುತ್ತಿರುವುದು ಎಂದಳು. ಆ ಮಾತಿನಲ್ಲಿ ಕೊಂಕಿರಲಿಲ್ಲ. ಒಂಬತ್ತು ಗಂಟೆಗೆ ಅಳೆದ ಮಾತ್ರೆಯನ್ನು ನೀರಿನ ಜೊತೆ ಕೊಟ್ಟು ಎಲ್ಲರೂ ಕುಳಿತರು. ಚೀಟಿ ಅಕ್ಕನಿಗೆ ಗಡಿಯಾರದ ಕೆಲಸ. ಅವಳು ಅಭ್ಯಾಸಬಲದಿಂದ ಬಾಗಿಲಾಚೆಗೂ ಕೇಳುವಂತೆ "ಹತ್ತನೇ ನಿಮಿಷ" ಎಂದು ಕೂಗಿದಳು. ಹೊರಗೆ ಹತ್ತನೇ ಚೀಟಿಯವನು ಎದ್ದು ಬಂದ. ಅವನನ್ನು ಸಮಾಧಾನ ಮಾಡಿ ಕೂರಿಸಬೇಕಾಯಿತು.

ಇಪ್ಪತ್ತು ನಿಮಿಷವಾದರೂ ಏನೂ ಇಲ್ಲ. ಕಾಜಮ್ಮ ಮನಸ್ಸಿನಲ್ಲೇ ಆ ಹನ್ನೊಂದು ಮಾತ್ರೆಗಳನ್ನು ನೆನೆದಳು. ಮೂವತ್ತಕ್ಕೆ ಬಲಗಾಲಿನ ಹೆಬ್ಬೆರಳು ಚಪ್ಪಲಿಯೊಳಗೆ ಮಿಸುಕಿತು. ಮೂವತ್ತೈದಕ್ಕೆ ಮಾಸ್ತರು ತಾವೇ ಕೈಯೆತ್ತಿ ಬಾಯಿ ಒರೆಸಿಕೊಂಡರು. ಆಮೇಲೆ ಅವರ ಕಣ್ಣು ಕೋಣೆಯಲ್ಲೆಲ್ಲ ತಿರುಗಿ, ಬಾಗಿಲ ಬಳಿ ನಿಂತಿದ್ದ ಮನಸ್ಸಿನ ಡಾಕ್ಟರ ಕಾಲಿನ ಮೇಲೆ ನಿಂತಿತು. ಬಹಳ ಹೊತ್ತು ನಿಂತಿತು. ಮತ್ತೇನಾದರೂ ಕಾಣುತ್ತಿದೆಯೇ ಎಂದು ಎಲ್ಲರಿಗೂ ಅಳುಕಾಯಿತು. ಮನಸ್ಸಿನ ಡಾಕ್ಟರೇ ಬಗ್ಗಿ, ಏನು ಕಾಣುತ್ತಿದೆ ಮಾಸ್ತರೇ ಎಂದು ಮೆಲ್ಲಗೆ ಕೇಳಿದರು.

"ನಿಮ್ಮ ಪ್ಯಾಂಟು," ಎಂದರು ಮಾಸ್ತರು. "ಎಡಗಾಲು ಮುಕ್ಕಾಲಿಂಚು ಉದ್ದ ಇದೆ. ಯಾರು ಹೊಲಿದಿದ್ದು?"

ಡಾಕ್ಟರಮ್ಮ ಮೇಜಿನ ಖಾನೆಯಿಂದ ಸ್ಕೇಲು ತೆಗೆದಳು. ಮನಸ್ಸಿನ ಡಾಕ್ಟರು ನೆಟ್ಟಗೆ ನಿಂತರು. ಮುಕ್ಕಾಲು ಇಂಚೇ. ಆರು ವರ್ಷದಿಂದ ಇದನ್ನು ಹಾಕುತ್ತಿದ್ದೇನೆ, ಒಬ್ಬರೂ ಹೇಳಲಿಲ್ಲ, ಎಡಗಾಲು ಗಿಡ್ಡವೆಂದೇ ನಾನು ತಿಳಿದಿದ್ದೆ ಎಂದರು ಅವರು. ಚೀಟಿ ಅಕ್ಕ ನಗು ತಡೆಯಲಾರದೆ ನಲವತ್ತನೇ ನಿಮಿಷ ಕೂಗುವುದನ್ನೇ ಮರೆತಳು.

ಮಾಸ್ತರು ಎದ್ದರು, ನಡೆದರು, ತಿರುಗಿದರು. ಭುಜ ತೂಗಲಿಲ್ಲ. ಡಾಕ್ಟರಮ್ಮ ಹಳೆಯ ಪತ್ರಿಕೆಯ ಹಾಳೆಗಳನ್ನು ಮೇಜಿನ ಮೇಲೆ ಹರಡಿ ಮಗನ ಕಡೆ ನೋಡಿದಳು. ಅವನು ಗಂಟು ಬಿಚ್ಚಿದ. ಕೊಡುವಾಗ ಅವನ ಕೈಯೇ ನಡುಗುತ್ತಿತ್ತು.

"ಮೊದಲು ನೀನು ಮಾತ್ರೆ ತಗೋ," ಎಂದರು ಮಾಸ್ತರು.

ಕತ್ತರಿ ಕೈಗೆ ಬಂದ ಮೇಲೆ ಅವರು ಬೇರೆ ಯಾರನ್ನೂ ನೋಡಲಿಲ್ಲ. ಪೆನ್ಸಿಲಿನಿಂದ ಎರಡು ಗೀಟು ಹಾಕಿ, ಕಾಗದವನ್ನು ಎಡಗೈಯಲ್ಲಿ ಒತ್ತಿ ಹಿಡಿದು, ಅಂಗಿಯ ತೋಳೊಂದನ್ನು ಕತ್ತರಿಸಿದರು. ಕಂಕುಳಿನ ತಿರುವಿನಲ್ಲಿ ಕತ್ತರಿ ಎಲ್ಲೂ ತಡೆಯಲಿಲ್ಲ, ನೀರು ಇಳಿಜಾರಿನಲ್ಲಿ ಹೋದ ಹಾಗೆ ಹೋಯಿತು. ಎದೆ, ಬೆನ್ನು, ಕಾಲರು. ಮಗ ಅಪ್ಪನ ಅಂಗೈಯ ಕೆಳಗೆ ತನ್ನ ಅಂಗೈ ಒಡ್ಡಿಕೊಂಡೇ ನಿಂತಿದ್ದ. ಅರ್ಧ ಗಂಟೆಯಾದ ಮೇಲೆ ಅದನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡ. ಒಂದು ಗಂಟೆಯಾದ ಮೇಲೆ ಅವನ ಮುಖ ಅರಳಿತು, ಅವನೇ ಕಾಗದ ಹರಡಿಕೊಡಲು ಶುರುಮಾಡಿದ. ಕಾಜಮ್ಮ ಕಿಟಕಿಯ ಬಳಿ ನಿಂತು ಕಣ್ಣು ಒರೆಸಿಕೊಳ್ಳುತ್ತ, ಬಿಸಿಲು ಕಣ್ಣಿಗೆ ಬೀಳುತ್ತಿದೆ ಎಂದು ಕೇಳದವರಿಗೂ ಹೇಳಿದಳು. ಕಿಟಕಿ ಉತ್ತರಕ್ಕಿತ್ತು.

ಹನ್ನೊಂದು ಗಂಟೆ ಹತ್ತಿರವಾಯಿತು. ಮಾಸ್ತರು ಎರಡನೆಯ ತೋಳಿನ ಅರ್ಧದಲ್ಲಿದ್ದರು. ಅವರ ಕೈಯಲ್ಲಿ ಡಾಕ್ಟರಮ್ಮನಿಗೂ ಏನೂ ಬದಲು ಕಂಡಿರಲಿಲ್ಲ, ಆದರೆ ಮಾಸ್ತರು ಕತ್ತರಿಯನ್ನು ಮುಚ್ಚಿ ಮೇಜಿನ ಮೇಲಿಟ್ಟರು.

"ಇನ್ನೊಂದು ಗೇಣು ಅಷ್ಟೇ ಅಪ್ಪ," ಎಂದ ಮಗ. "ಮುಗಿಸಿಬಿಡಿ. ಎರಡು ತೋಳೂ ಒಂದರ ಮೇಲೊಂದು ಇಟ್ಟು ತೋರಿಸೋಣ ಇವರಿಗೆ."

"ಬೇಡ. ಕೈ ಇಳೀತಾ ಇದೆ. ಇನ್ನೈದು ನಿಮಿಷಕ್ಕೆ ನಿನಗೂ ಕಾಣುತ್ತೆ."

ಐದು ನಿಮಿಷಕ್ಕೆ ಹೆಬ್ಬೆರಳು ಇಲ್ಲದ ದಾರ ಹೊಸೆಯತೊಡಗಿತು. ಮಗ ಆ ಹೆಬ್ಬೆರಳನ್ನೂ ಅರ್ಧಕ್ಕೆ ನಿಂತ ತೋಳನ್ನೂ ನೋಡಿದ. ಇಷ್ಟು ಹೊತ್ತು ಕತ್ತರಿಸಿದ್ದನ್ನು ಕಂಡು ಖುಷಿಪಟ್ಟಿದ್ದ, ನಿಜ. ಆದರೆ ಅವನ ಭಯ ಬಿಟ್ಟದ್ದು ಈ ನಿಲ್ಲಿಸಿದ್ದನ್ನು ಕಂಡು. ಗೊಂಚಲು ತೆಗೆದು, ಉಗುರಿನಿಂದ ಒದ್ದಾಡಿ ಬೀರುವಿನ ಕೀಲಿ ಬಿಡಿಸಿ, ಅಪ್ಪನ ಅಂಗಿಯ ಜೇಬಿಗೆ ಹಾಕಿದ.

"ಇರಪ್ಪ, ನಾನಿನ್ನೂ ಬಾಯಿಬಿಟ್ಟಿಲ್ಲ," ಎಂದಳು ಡಾಕ್ಟರಮ್ಮ. ಬಿಟ್ಟಾಗ ಗಡಿಯಾರ ನೋಡಿ ಬಿಟ್ಟಳು. ಮಾತ್ರೆ ಸಣ್ಣ ಸಣ್ಣದಾಗಿ ದಿನಕ್ಕೆ ಐದು ಸಲ. ಬೆಳಿಗ್ಗೆ ಒಂದೂಕಾಲು ಗಂಟೆ, ಸಂಜೆ ಒಂದು ಗಂಟೆ ಕತ್ತರಿ ಕೊಡಬಹುದು, ಮಿಕ್ಕ ಹೊತ್ತು ಬೇಡ. ಪುಸ್ತಕ ಬರೆಯಬೇಕು, ಮರವಾದರೆ ಮರ ಎಂದೇ ಬರೆಯಬೇಕು. ಕಾಯಿಲೆ ಹೋಗಿಲ್ಲ, ಹೋಗುವುದೂ ಇಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ. ಒಂದೆರಡು ವರ್ಷಕ್ಕೆ ಈ ಅಳತೆಯೂ ಬಿಗಿಯಾಗಬಹುದು, ಆಗ ಬಿಚ್ಚಿ ಮತ್ತೆ ಹೊಲಿಯೋಣ, ದೊಡ್ಡ ಆಸ್ಪತ್ರೆಯ ತಂತಿಯೂ ಎಲ್ಲೂ ಓಡಿಹೋಗುವುದಿಲ್ಲ ಎಂದಳು. ಈ ಸಲ ಕಾಜಮ್ಮನಿಗೆ 'ತಂತಿ'ಯ ಆಚೆಗಿನದೂ ಕೇಳಿಸಿತು.

ಮಾತ್ರೆಯ ಹೊತ್ತು ಮೈಗೆ ಒಗ್ಗಲು ಎರಡು ವಾರ ಹಿಡಿಯಿತು. ನಡುವೆ ಎರಡು ಕೆಟ್ಟ ದಿನವೂ ಬಂದವು, ಟೋಪಿಯ ಮುದುಕ ಒಂದು ಸಂಜೆ ಬಂದು ಅಳತೆ ಕೊಡದೆಯೇ ಹೋದ. ಕಾಜಮ್ಮ ಎಲ್ಲವನ್ನೂ ಬರೆದಳು. ಬರೆಯುತ್ತ ಬರೆಯುತ್ತ ಅವಳಿಗೂ ಗಂಡನ ದಿನದ ಏರಿಳಿತ ಬಾಯಿಪಾಠವಾಯಿತು, ಅಂಗಡಿಯ ನಿಜವಾದ ಗಿರಾಕಿಗಳಿಗೂ ಆಯಿತು. ಒಂಬತ್ತೂಮುಕ್ಕಾಲಕ್ಕೆ ಮೊದಲು ಬಂದವರನ್ನು ಬೇಕರಿಯವನು ತನ್ನ ಅಂಗಡಿಯಲ್ಲೇ ಕೂರಿಸಿಕೊಂಡು, ಮಾಸ್ತರಿಗೆ ಮಾತ್ರೆ ಇನ್ನೂ ಹತ್ತಿಲ್ಲ, ಅಲ್ಲಿಯವರೆಗೆ ಒಂದು ಬನ್ನು ತಿನ್ನಿ ಎನ್ನುತ್ತಿದ್ದ.

ಆದರೂ ಕತ್ತರಿಯ ಕೆಳಗೆ ನಿಜವಾದ ಬಟ್ಟೆ ಬಿದ್ದಿರಲಿಲ್ಲ. ಮಾಸ್ತರು ದಿನಾ ಕಾಗದವನ್ನೇ ಕತ್ತರಿಸುತ್ತಿದ್ದರು. ಗಿರಾಕಿಗಳೂ ನೋಡಿ ಹೊಗಳಿ, ತಮ್ಮ ಕೋಟಿನ ಬಟ್ಟೆಯನ್ನು ಮಾತ್ರ ಕಂಕುಳಲ್ಲೇ ಇಟ್ಟುಕೊಂಡು ಹೋಗುತ್ತಿದ್ದರು. ಕಾಜಮ್ಮ ಯಾರನ್ನೂ ಬೈಯಲಿಲ್ಲ. ಮೊದಲನೆಯವರಾಗಲು ಯಾರಿಗೆ ತಾನೇ ಧೈರ್ಯ?

ಒಂದು ಬೆಳಿಗ್ಗೆ ಒಂಬತ್ತೂಮುಕ್ಕಾಲಕ್ಕೆ ಸರಿಯಾಗಿ ಮಗ ಅಂಗಡಿಗೆ ಬಂದ. ಕೆಲಸಕ್ಕೆ ರಜೆ ಹಾಕಿದ್ದ. ಕೈಯಲ್ಲಿ ಕಾಗದದ ಪೊಟ್ಟಣ, ಒಳಗೆ ಮೂರೂವರೆ ಮೀಟರು ಕಪ್ಪು ನೀಲಿ ಬಟ್ಟೆ, ಮುಟ್ಟಿದರೆ ಬೆಣ್ಣೆ. ಮೇಜಿನ ಮೇಲಿಟ್ಟು, ತನಗೊಂದು ಕೋಟು ಬೇಕು ಎಂದ. ಬೆಳೆದ ಮೇಲೆ ಅವನು ಅಪ್ಪನ ಕೈಯಿಂದ ಒಂದು ಅಂಗಿಯನ್ನೂ ಹೊಲಿಸಿಕೊಂಡಿರಲಿಲ್ಲ. ಟೈಲರ ಮಗ ಮೈತುಂಬ ರೆಡಿಮೇಡು ಹಾಕಿ ತಿರುಗುವುದು ಬೀದಿಯವರ ಹಳೆಯ ತಮಾಷೆ.

ಮಾಸ್ತರು ಬಟ್ಟೆಯ ಮೇಲೆ ಅಂಗೈ ಆಡಿಸಿದರು. "ಒಳ್ಳೇ ಬಟ್ಟೆ ಕಣೋ. ಇಂಥದನ್ನ ನನಗೆ ಕೊಡ್ತೀಯಾ?"

"ನಿಮಗಲ್ದೆ ಪಕ್ಕದ ಬೀದಿಯವನಿಗೆ ಕೊಡ್ಲಾ?"

ಅಪ್ಪ ಟೇಪು ತೆಗೆದರು. ಮಗ ಎರಡು ತೋಳು ಚಾಚಿ ನಿಂತ. ಎದೆ ಎಷ್ಟು, ಭುಜ ಎಷ್ಟು ಎಂದು ಮಾಸ್ತರು ಹೇಳಿದರು, ಕಾಜಮ್ಮ ಬರೆದುಕೊಂಡಳು. ಬಲಭುಜ ಎಡಕ್ಕಿಂತ ಕಾಲಿಂಚು ಇಳಿದಿದೆ, ಆ ಮೀಟರು ಚೀಲವನ್ನು ಹದಿನೈದು ವರ್ಷ ಒಂದೇ ಕಡೆ ನೇತುಹಾಕಿಕೊಂಡು ಓಡಾಡಿದ್ದಕ್ಕೆ ಎಂದರು ಮಾಸ್ತರು, ರೆಡಿಮೇಡಿನವನಿಗೆ ಇದು ಎಲ್ಲಿ ಗೊತ್ತಾಗಬೇಕು. ಮಗ ಬಟ್ಟೆಯ ಒಂದು ತುದಿ ಹಿಡಿದ. ಗಟ್ಟಿಯಾಗಿ ಎಳೆಯಬೇಡ, ಸುಮ್ಮನೆ ಹಿಡಿ ಎಂದು ಬೈಸಿಕೊಂಡ. ಮಾಸ್ತರು ಸೀಮೆಸುಣ್ಣದ ಗೀಟು ಎಳೆದು, ಗಡಿಯಾರ ನೋಡಿ, ಹನ್ನೆರಡು ಇಂಚಿನ ಕತ್ತರಿಯ ಬಾಯನ್ನು ಬಟ್ಟೆಯ ಅಂಚಿಗೆ ಕೊಟ್ಟು ಒತ್ತಿದರು. ಬಾಗಿಲಲ್ಲಿ ನಿಂತ ನಾಲ್ಕಾರು ಗಿರಾಕಿಗಳು ಕಂಕುಳ ಪೊಟ್ಟಣಗಳನ್ನು ಕೈಗೆ ತೆಗೆದುಕೊಂಡರು.

"ಸಾಲಾಗಿ ನಿಲ್ಲಿ," ಎಂದಳು ಕಾಜಮ್ಮ, "ಹನ್ನೊಂದಕ್ಕೆ ಬಾಗಿಲು ಬಂದ್."